ಘಟ ಕೂತ ಮನೆಗೆ ಬೀಗ ಹಾಕುವಂತಿಲ್ಲ

ಮಹಾಲಯ ಅಮಾವಾಸ್ಯೆಯ ಮರುದಿನ ಕಲಬುರಗಿ, ಬೀದರ, ಯಾದಗಿರಿ ಕಡೆಯ ಬಹಳಷ್ಟು ಮನೆಗಳಲ್ಲಿ ಘಟ ಕೂಡುತ್ತದೆ. ದೇವರ ಮುಂದೆ ಹೊಲದ ಮಣ್ಣು, ಮಣ್ಣಿನಲ್ಲಿ ಕಾಳು, ನಡುವೆ ನೀರು ತುಂಬಿದ ಗಡಿಗೆ, ಪಕ್ಕದಲ್ಲಿ ಒಂದು ನಂದಾದೀಪ. ಅವತ್ತಿನಿಂದ ದಸರೆಯ ತನಕ ಆ ದೀಪ ಆರಬಾರದು. ಆರಬಾರದು ಅಂದರೆ ಯಾರಾದರೂ ಒಬ್ಬರು ಮನೆಯಲ್ಲಿರಬೇಕು. ಆ ಒಬ್ಬರು ಯಾರು ಎಂಬ ಮಾತು ಬಂದ ಕೂಡಲೇ ಮನೆಯ ಗಂಡಸರಿಗೆಲ್ಲ ಹೊರಗೆ ಅರ್ಜೆಂಟ್ ಕೆಲಸ ನೆನಪಾಗುತ್ತದೆ.

ಈ ಪದ್ಧತಿ ಹಚ್ಚಿದ ಹಿರಿಯರ ಮಕ್ಕಳು ಭಾಳ ತಿರುಗುವವರಿದ್ದಿರಬೇಕು. ಇಲ್ಲದಿದ್ದರೆ ಮನೆಗೆ ಬೀಗ ಹಾಕಲಾಗದಂಥ ಹಬ್ಬ ಯಾರಿಗೆ ಹೊಳೆಯುತ್ತದೆ?

ಒಂಬತ್ತು ಹಗಲು ರಾತ್ರಿ ಅಂದರೆ 216 ಗಂಟೆ. ಎಣ್ಣೆ ಎಷ್ಟು ಬೇಕು ಎಂದು ಅಂಗಡಿಯವನನ್ನು ಕೇಳಿದರೆ ಅವನು ಡಬ್ಬಿಯನ್ನೇ ತೋರಿಸುತ್ತಾನೆ. ಅದರ ಬದಲು ಹಿಂದಿನ ದಿನವೇ ಬತ್ತಿ ಹೊಸೆದು, ಅಳೆದ ಒಂದು ಬಟ್ಟಲು ಎಣ್ಣೆ ಎಷ್ಟು ಹೊತ್ತು ಉರಿಯುತ್ತದೆ ಎಂದು ನೋಡಿ ಲೆಕ್ಕ ಹಾಕಬೇಕು. ಜೊತೆಗೆ ಪಂಚಾಂಗವನ್ನೂ ನೋಡಬೇಕು. 2025ರಲ್ಲಿ ಸೆಪ್ಟೆಂಬರ್ 22ಕ್ಕೆ ಕೂತ ಘಟ ಏಳಲು ಅಕ್ಟೋಬರ್ 2 ಬರಬೇಕಾಯಿತು. ಒಂದು ತಿಥಿ ಬೆಳೆದು ರಾತ್ರಿಗಳು ಹತ್ತಾದವು. ಒಂಬತ್ತಕ್ಕೆಂದು ಎಣ್ಣೆ ತಂದವರು ಹತ್ತನೇ ರಾತ್ರಿ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗುವುದು ತಪ್ಪುವುದಿಲ್ಲ.

ದೀಪ ಆರುವುದಕ್ಕೆ ಕಾರಣ ಮೂರು. ಮೊದಲನೆಯದು ಬತ್ತಿಯ ತುದಿಗೆ ಕಟ್ಟುವ ಕರಿ ಕುಡಿ. ಅದು ದಪ್ಪಗಾದರೆ ಎಣ್ಣೆ ಮೇಲೇರುವುದಿಲ್ಲ. ಕುಡಿ ತೆಗೆಯುವ ಮೊದಲು ಅದೇ ದೀಪದಿಂದ ಇನ್ನೊಂದು ಹಣತೆ ಹಚ್ಚಿ ಬದಿಗಿಟ್ಟುಕೊಳ್ಳಬೇಕು. ಕೈ ತಪ್ಪಿದರೂ ಬೆಂಕಿ ಮನೆಯಲ್ಲೇ ಉಳಿಯುತ್ತದೆ. ಎರಡನೆಯದು ಫ್ಯಾನು. ಅಕ್ಟೋಬರಿನ ಸೆಕೆಗೆ ಫ್ಯಾನು ಬಂದ್ ಮಾಡಿದರೆ ಸೊಳ್ಳೆ, ಹಾಕಿದರೆ ದೀಪ ಇಲ್ಲ. ಲಾಟೀನಿನ ಗಾಜೊಂದನ್ನು, ತಳಕ್ಕೆ ಗಾಳಿ ಆಡುವಷ್ಟು ಸಂದಿ ಬಿಟ್ಟು, ಸುತ್ತ ನಿಲ್ಲಿಸಿದರೆ ಎರಡೂ ಕಡೆ ರಾಜಿಯಾಗುತ್ತದೆ. ಮೂರನೆಯದು ಇಲಿ. ಎಣ್ಣೆ ಕುಡಿದ ಅರಳೆಯ ಬತ್ತಿ ಅದಕ್ಕೆ ಹಬ್ಬದೂಟ. ಉರಿಯುವ ಬತ್ತಿಯನ್ನೇ ಎಳೆದುಕೊಂಡು ಓಡುವುದೂ ಉಂಟು. ಹಾಗಾಗಿ ಸುತ್ತಮುತ್ತ ಪರದೆ, ಕಾಗದದ ಹೂವು, ಪ್ಲಾಸ್ಟಿಕ್ ತೋರಣ ಇರಬಾರದು. ದೀಪ ಆರಿದರೆ ಹಚ್ಚಿಕೊಳ್ಳಬಹುದು, ಮನೆ ಹಚ್ಚಿಕೊಂಡರೆ ಆರಿಸುವುದು ಕಷ್ಟ.

ಇನ್ನು ಮಣ್ಣು. ಬರೀ ಎರೆ ಮಣ್ಣು ಹಾಕಿದರೆ ನೀರು ಹಿಡಿದುಕೊಂಡು ಕಾಳು ಕೊಳೆಯುತ್ತದೆ, ನಾಲ್ಕನೇ ದಿನಕ್ಕೆ ದೇವರ ಮನೆಯಿಂದ ನಾತ ಬರುತ್ತದೆ. ಜರಡಿ ಹಿಡಿದ ಎರೆ ಮಣ್ಣಿಗೆ ಅರ್ಧದಷ್ಟು ಮರಳು ಅಥವಾ ಹಳೆಯ ತಿಪ್ಪೆ ಗೊಬ್ಬರ ಬೆರೆಸಿ ಎರಡು ಬೆರಳು ದಪ್ಪಗೆ ಹರವಬೇಕು. ಗೋಧಿ, ಜೋಳ ರಾತ್ರಿಯೇ ನೆನೆದಿರಬೇಕು. ಗಡಿಗೆ ಮಾತ್ರ ಮಣ್ಣಿನದೇ ಬೇಕು. ಮಣ್ಣಿನ ಗಡಿಗೆ ಸಣ್ಣಗೆ ಒಸರುತ್ತದೆ, ಆ ಒಸರಿನಲ್ಲೇ ಕಾಳು ಬೆಳೆಯುತ್ತವೆ. ಹೊಳಪಿಗೆ ಮರುಳಾಗಿ ಸ್ಟೀಲ್ ಬಿಂದಿಗೆ ಇಟ್ಟವರು ದಿನಾ ನೀರು ಚಿಮುಕಿಸಬೇಕು. ಅವ್ವ ಒಮ್ಮೆ ಚಿಮುಕಿಸಿ, ಅದು ಗೊತ್ತಿಲ್ಲದೆ ಸೊಸೆ ಒಮ್ಮೆ ಚಿಮುಕಿಸಿ, ಪುಣ್ಯ ಬರಲಿ ಎಂದು ಮುತ್ಯಾ ಒಂದು ತಂಬಿಗೆ ಸುರುವಿದರೆ ಘಟ ಹೋಗಿ ಗದ್ದೆಯಾಗುತ್ತದೆ. ನೀರು ಹಾಕುವವರು ಒಬ್ಬರೇ ಇರಬೇಕು, ಅದೂ ಬೆಳಿಗ್ಗೆಯೇ ನಿಶ್ಚಯವಾಗಬೇಕು. ಸಸಿ ಹಸಿರಾಗದೆ ಹಳದಿಯಾಯಿತು ಎಂದು ಗಾಬರಿ ಬೇಡ. ದೇವರ ಮೂಲೆಗೆ ಬೆಳಕು ಕಡಿಮೆ, ಬೆಳಕಿಲ್ಲದೆ ಎಲೆಗೆ ಹಸಿರು ಏರುವುದಿಲ್ಲ. ಟೊಪ್ಪಿಗೆಗೆ, ತುರುಬಿಗೆ ಸಿಕ್ಕಿಸಿಕೊಳ್ಳಲು ಆ ಬಂಗಾರದ ಬಣ್ಣವೇ ಚಂದ.

ಇಷ್ಟೆಲ್ಲ ನಡೆಯುವಾಗ ಬೆಂಗಳೂರಿಗೋ ಪುಣೆಗೋ ಒಂದು ಫೋನ್ ಹೋಗುತ್ತದೆ.

"ಹಬ್ಬಕ್ಕ ಬರ್ತಿ ಇಲ್ಲೋ ತಮ್ಮಾ?"

"ನೋಡ್ತೀನಿ ಬೇ."

ಕನ್ನಡದಲ್ಲಿ 'ನೋಡ್ತೀನಿ'ಯಷ್ಟು ಉಪಯೋಗದ ಶಬ್ದ ಇನ್ನೊಂದಿಲ್ಲ. ಅದು ಹೌದೂ ಅಲ್ಲ, ಅಲ್ಲವೂ ಅಲ್ಲ. ರೈಲಿನ ವೇಟಿಂಗ್ ಲಿಸ್ಟಿನ ಹಾಗೆ, ಕೊನೇ ಗಳಿಗೆ ತನಕ ಆಸೆ ಇಟ್ಟುಕೊಂಡಿರುತ್ತದೆ. ನೋಡುವವರು ನೋಡಬೇಕಾದದ್ದು ಇಷ್ಟೇ: 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕಿಳಿದಿದೆ, ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. ಹಬ್ಬವಾದರೂ ಹೋದ ವರ್ಷದ ತಾರೀಖಿಗೇ ಬರುತ್ತದೆ ಎಂದು ಕೂರುವಂತಿಲ್ಲ. ಚಾಂದ್ರಮಾನದ ವರ್ಷಕ್ಕೆ ಸುಮಾರು 354 ದಿನ; ಹಬ್ಬ ವರ್ಷಕ್ಕೆ ಹನ್ನೊಂದು ದಿನದಂತೆ ಹಿಂದೆ ಸರಿದು, ಅಧಿಕ ಮಾಸ ಬಂದಾಗ ಒಮ್ಮೆಲೇ ಮುಂದೆ ಜಿಗಿಯುತ್ತದೆ. 2026ರಲ್ಲಿ ಅಧಿಕ ಜ್ಯೇಷ್ಠ ಬಿದ್ದು ವಿಜಯದಶಮಿ ಅಕ್ಟೋಬರ್ 20ಕ್ಕೆ, ದೀಪಾವಳಿ ಅಮಾವಾಸ್ಯೆ ನವೆಂಬರ್ 8ಕ್ಕೆ. ಅಕ್ಟೋಬರ್ 16ರ ಶುಕ್ರವಾರ ರೈಲು ಹತ್ತುವವರು ಆಗಸ್ಟ್ 17ರ ಬೆಳಿಗ್ಗೆ ಎಂಟಕ್ಕೆ ಎದ್ದಿರಬೇಕು. ಎದ್ದಿರುವುದಿಲ್ಲ. ಆಮೇಲೆ ಸ್ಲೀಪರ್ ಬಸ್ಸಿನ ಹಬ್ಬದ ದರ ನೋಡಿ ನಿದ್ದೆ ಹಾರುತ್ತದೆ.

ಊರಲ್ಲೇ ಇರುವವರೇನು ಪುರುಸೊತ್ತಾಗಿದ್ದಾರೆ ಎಂದುಕೊಳ್ಳಬೇಡಿ. ಬೀದರ ಕಡೆ ದಸರೆ ಹೊತ್ತಿಗೇ ಸೋಯಾ ರಾಶಿ. ಮೋಡ ಕಂಡರೆ ಅಣ್ಣ ತಮ್ಮಂದಿರೆಲ್ಲ ತಾಡಪತ್ರಿ ಹಿಡಿದು ಓಡುತ್ತಾರೆ. ಯಾದಗಿರಿ ಕಡೆ ದೀಪಾವಳಿಗೆ ಹತ್ತಿ ಬಿಡಿಸುವ ಕೆಲಸ. ಹೊಲಕ್ಕೆ ರಜೆ ಅರ್ಜಿ ಬರೆಯುವ ಪದ್ಧತಿ ಇನ್ನೂ ಬಂದಿಲ್ಲ.

ದಸರೆಯ ಸಂಜೆ ಬನ್ನಿ ಗಿಡದ ಎಲೆಯನ್ನು ಬಂಗಾರವೆಂದು ಕೊಟ್ಟುಕೊಳ್ಳುವ ಹೊತ್ತು. ಇಲ್ಲಿ ಆಗುವ ದೊಡ್ಡ ಅನಾಹುತ ಬನ್ನಿಯದೇ. ಪೇಟೆಯ ಹುಡುಗರನ್ನು 'ಹೋಗಿ ಬನ್ನಿ ತರ್ರಿ' ಎಂದು ಕಳಿಸಿದರೆ ರಸ್ತೆ ಬದಿಯ ಬಳ್ಳಾರಿ ಜಾಲಿಯನ್ನು ಒಂದು ಹೊರೆ ಮುರಿದುಕೊಂಡು ಬರುತ್ತಾರೆ. ಎರಡೂ ಒಂದೇ ಬಳಗದ ಗಿಡ, ಎಲೆಯೂ ಹತ್ತಿರ ಹತ್ತಿರ. ಗುರುತು ಮುಳ್ಳಿನಲ್ಲಿದೆ. ಜಾಲಿಗೆ ಎಲೆ ಹುಟ್ಟುವ ಗಿಣ್ಣಿನಲ್ಲೇ ಉದ್ದನೆಯ ಮುಳ್ಳು, ಹೆಚ್ಚಾಗಿ ಜೋಡಿ ಜೋಡಿ. ಬನ್ನಿಗೆ ಬುಡ ಅಗಲವಾದ ಗಿಡ್ಡ ಮುಳ್ಳುಗಳು, ಗಿಣ್ಣು ಗಿಣ್ಣಿನ ನಡುವೆ ಅಲ್ಲೊಂದು ಇಲ್ಲೊಂದು. ಮಹಾರಾಷ್ಟ್ರದ ಗಡಿಗೆ ಹತ್ತಿದ ಊರುಗಳಲ್ಲಿ ಆಪ್ಟಾ ಎಲೆಯೂ ನಡೆಯುತ್ತದೆ; ಅದು ಒಂಟೆಯ ಗೊರಸಿನ ಹಾಗೆ ನಡುವೆ ಸೀಳಿದ ಎಲೆ, ಅದರಲ್ಲಿ ಮೋಸವಿಲ್ಲ. ಜಾಲಿ ಕೊಟ್ಟು 'ಬಂಗಾರದಂಗ ಇರೋಣ' ಅಂದರೆ ತಗೊಂಡ ಕಾಕಾ ಏನೂ ಅನ್ನುವುದಿಲ್ಲ, ಅಂಗೈಯಿಂದ ಮುಳ್ಳು ಕೀಳುತ್ತ ನಗುತ್ತಾನೆ ಅಷ್ಟೆ.

ಬನ್ನಿಗೆ ಹೋಗುವ ಮನೆಗಳ ಕ್ರಮವನ್ನು ಮೊದಲೇ ಹಾಕಿಕೊಳ್ಳಬೇಕು. ಹಿರಿಯರ ಮನೆ ಮೊದಲು, ಮಾತು ಬಿಟ್ಟವರ ಮನೆ ಎರಡನೆಯದು. ಕಡೆಗೆ ಇಟ್ಟರೆ ಹೊತ್ತಾಯಿತು ಎಂಬ ನೆಪ ಸಿಕ್ಕಿಬಿಡುತ್ತದೆ. ಒಂದು ಮನೆಗೆ ಐದು ನಿಮಿಷ ಎಂದು ಹನ್ನೆರಡು ಮನೆಗೆ ಒಂದು ತಾಸಿನ ಲೆಕ್ಕ ಹಾಕುವವರಿದ್ದಾರೆ. ಅವರು ಚಹಾ ಕುದಿಯುವ ಹೊತ್ತನ್ನು ಸೇರಿಸಿರುವುದಿಲ್ಲ. ಮೊದಲ ಮನೆಯಲ್ಲಿ ಪೂರ್ತಿ ಕಪ್ಪು ಕುಡಿದವರು ಐದನೇ ಮನೆಯಲ್ಲಿ ಬೇಡ ಅಂದರೆ "ಅವರ ಮನ್ಯಾಗ ಕುಡದ್ರಿ, ನಮ್ಮನ್ಯಾಗ ಯಾಕ ಬ್ಯಾಡ್ರಿ?" ಎಂಬ ವಿಚಾರಣೆ ಎದುರಿಸಬೇಕು. ಎಲ್ಲ ಕಡೆ ಅರ್ಧ ಕಪ್ಪು, ಇದೇ ನಿಯಮ. ರಾತ್ರಿ ಅಂಗಿ ಕಿಸೆ ಝಾಡಿಸಿಯೇ ಮಷೀನಿಗೆ ಹಾಕಬೇಕು, ಇಲ್ಲದಿದ್ದರೆ ವಾರದ ತನಕ ಮನೆಮಂದಿಯ ಬಟ್ಟೆಗೆಲ್ಲ ಬನ್ನಿ ಅಂಟಿಕೊಂಡಿರುತ್ತದೆ.

ದಸರೆ ಮುಗಿದು ಬರುವ ಶೀಗಿ ಹುಣ್ಣಿಮೆಗೆ ಮಹಾರಾಷ್ಟ್ರದ ತುಳಜಾಪುರದ ಭವಾನಿ ಗುಡಿಗೆ ನಡೆದು ಹೋಗುವವರು ಆಳಂದ ದಾರಿ ತುಂಬ ಕಾಣುತ್ತಾರೆ. ಅವರಿಗೆ ಒಂದೇ ಮಾತು: ಬರಿಗಾಲು ಹರಕೆಯಾದರೆ ಹಗಲಿನ ಡಾಂಬರು ಬಿಟ್ಟು ರಾತ್ರಿ ನಡೆಯಿರಿ, ಜೋಡು ಹಾಕುವವರಾದರೆ ಹೊಸ ಜೋಡು ಬೇಡ.

ದಸರೆ ಇರಲಿ ದೀಪಾವಳಿ ಇರಲಿ, ಹೋಳಿಗೆ ಆಗಬೇಕು. ಸಮಯ ಉಳಿಸುತ್ತೇನೆ ಎಂದು ಹೊರಟವರನ್ನು ಹೋಳಿಗೆ ಹಿಡಿದು ಕೂರಿಸುತ್ತದೆ. ಒಂದು ಕಿಲೋ ಕಡಲೆ ಬೇಳೆಗೆ ಒಂದು ಕಿಲೋ ಬೆಲ್ಲ. ಬೇಳೆ ಒಂದು ತಾಸು ನೆನೆಯಲಿ. ಮೂರು ಲೀಟರ್ ನೀರು ಕುದಿಸಿ, ಚಿಟಿಕೆ ಅರಿಸಿನ, ಒಂದು ಚಮಚ ಎಣ್ಣೆ ಹಾಕಿ ತೆರೆದ ಪಾತ್ರೆಯಲ್ಲಿ ಬೇಯಿಸಬೇಕು. ಎರಡು ಬೆರಳ ನಡುವೆ ಹಿಚುಕಿದರೆ ಹಿಟ್ಟಾಗಬೇಕು, ನೋಡಲು ಇಡಿಯಾಗಿರಬೇಕು. ಅವಸರಕ್ಕೆ ಕುಕ್ಕರಿನಲ್ಲಿ ನಾಲ್ಕು ಸೀಟಿ ಹೊಡೆಸಿದರೆ ಬೇಳೆ ಕರಗಿ ಗಂಜಿಯಾಗುತ್ತದೆ, ಬಸಿಯಲು ಕಟ್ಟೇ ಇರುವುದಿಲ್ಲ, ಕಟ್ಟಿಲ್ಲದೆ ಕಟ್ಟಿನ ಸಾರಿಲ್ಲ. ಸಾರಿಲ್ಲದ ಹೋಳಿಗೆ ಊಟಕ್ಕೆ ಕೂತ ಮುತ್ಯಾ ತಟ್ಟೆಯನ್ನೂ ಸೊಸೆಯನ್ನೂ ಸರದಿಯ ಮೇಲೆ ನೋಡುತ್ತಾರೆ.

ಇನ್ನೊಂದು ಅವಸರ, ಬೇಳೆ ಬೇಯುವ ಮೊದಲೇ ಬೆಲ್ಲ ಹಾಕುವುದು. ಬೆಲ್ಲ ಬಿದ್ದ ಮೇಲೆ ಬೇಳೆ ಮೆತ್ತಗಾಗುವುದು ನಿಂತುಬಿಡುತ್ತದೆ, ಆಮೇಲೆ ಮಧ್ಯಾಹ್ನದ ತನಕ ಕುದಿಸಿದರೂ ಅಷ್ಟೇ. ಬಸಿದ ಬೇಳೆಗೆ ಬೆಲ್ಲ ಸೇರಿಸಿ, ಸೌಟು ನೆಟ್ಟಗೆ ನಿಲ್ಲುವ ತನಕ ಕಾಸಿ, ಏಲಕ್ಕಿ, ಸುಂಠಿ, ಜಾಜಿಕಾಯಿ ಹಾಕಿ, ಬಿಸಿ ಇರುವಾಗಲೇ ರುಬ್ಬಬೇಕು. ಆರಿದರೆ ಗಟ್ಟಿಯಾಗಿ ಮಿಕ್ಸರಿನಿಂದ ಸುಟ್ಟ ವಾಸನೆ ಬರುತ್ತದೆ. ಒಂದೇ ಒಂದು ಇಡೀ ಬೇಳೆ ಉಳಿದರೂ ಲಟ್ಟಿಸುವಾಗ ಕಣಕ ಹರಿದು ಹೊರಗೆ ಇಣುಕುತ್ತದೆ. ಹೂರಣ ಸಡಿಲಾದರೆ ಅಗಲ ಪಾತ್ರೆಯಲ್ಲಿ ಸಣ್ಣ ಉರಿಗೆ ತಿರುವುತ್ತ ನೀರು ಇಂಗಿಸಬೇಕು. ತೀರಾ ಕೈ ಮೀರಿದರೆ ಪುಟಾಣಿ, ಅಂದರೆ ಹುರಿಗಡಲೆ ಹಿಟ್ಟು ಎರಡು ಚಮಚ. ಇದನ್ನು ಹೊರಗೆ ಹೇಳಬಾರದು.

ಕಣಕಕ್ಕೆ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು ಗೋಧಿ ಹಿಟ್ಟು, ಬಟ್ಟೆಯಲ್ಲಿ ಸೋಸಿದ್ದು. ಮೆತ್ತಗೆ ನಾದಿ, ಎಣ್ಣೆ ಬಿಟ್ಟು ಮಿದಿದು ಎರಡು ತಾಸು ಮುಚ್ಚಿಡಬೇಕು. ನಿಂಬೆಯಷ್ಟು ಕಣಕಕ್ಕೆ ಅದರ ಎರಡರಷ್ಟು ಹೂರಣ. ಹೀಗೆ ನಲವತ್ತರ ಆಸುಪಾಸು ಹೋಳಿಗೆ. ಒಬ್ಬರೇ ತುಂಬಿ, ಲಟ್ಟಿಸಿ, ಬೇಯಿಸಿದರೆ ಒಂದಕ್ಕೆ ನಾಲ್ಕು ನಿಮಿಷ, ಎರಡೂ ಮುಕ್ಕಾಲು ತಾಸು ಅಲ್ಲಾಡುವಂತಿಲ್ಲ. ಲಟ್ಟಿಸುತ್ತಿದ್ದರೆ ಹಂಚಿನ ಮೇಲಿನದು ಕಪ್ಪಾಗುತ್ತದೆ, ಹಂಚು ನೋಡಿದರೆ ಮಣೆಗೆ ಅಂಟುತ್ತದೆ. ಮೂವರು ಕೂತರೆ ಒಂದು ತಾಸು ಇಪ್ಪತ್ತು ನಿಮಿಷ. ತುಂಬಲು ಚಿಗವ್ವ, ಲಟ್ಟಿಸಲು ವೈನಿ, ಹಂಚಿನ ಮುಂದೆ ಅವ್ವ. ನಾಲ್ಕನೆಯವರೂ ಬಂದು ಕೂತರೆ ಮತ್ತೆ ಎರಡು ತಾಸಾಗುತ್ತದೆ, ಯಾಕೆಂದರೆ ಮಾತು ಶುರುವಾಗುತ್ತದೆ. ಯಾರದೋ ಮದುವೆ, ಯಾರದೋ ಹೊಲದ ತಕರಾರು ಲಟ್ಟಣಿಗೆ ಕೆಳಗೆ ಸಿಕ್ಕು ಹೋಳಿಗೆಯಷ್ಟೇ ತೆಳ್ಳಗಾಗುತ್ತವೆ.

ದೀಪಾವಳಿಯ ನಸುಕಿನ ಆರತಿಗೆ ಒಂದು ಎಚ್ಚರ. ಅಕ್ಕತಂಗಿಯರ ತಟ್ಟೆಗೆ ಹಾಕುವ ನೋಟನ್ನು ದೀಪದಿಂದ ದೂರ, ಎಲೆಯಡಿಕೆಯ ಕೆಳಗೆ ಇಡಬೇಕು. ನಿದ್ದೆಗಣ್ಣಿನಲ್ಲಿ ಹಣತೆಗೆ ತಾಗಿಸಿ ಇಟ್ಟರೆ ನೋಟು ಎಣ್ಣೆ ಕುಡಿಯುತ್ತದೆ, ಆಮೇಲೆ ಅಂಗಡಿಯವನು ಅದನ್ನು ಬೆಳಕಿಗೆ ಹಿಡಿದು ನೋಡುತ್ತಾನೆ. ಎಷ್ಟು ಮಂದಿ ತಂಗಿಯರು ಎಂಬುದನ್ನು ಹಿಂದಿನ ದಿನವೇ ಎಣಿಸಿ ಚಿಲ್ಲರೆ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಕಾಕಾನ ಮಕ್ಕಳನ್ನು ಮರೆತು ಎಣಿಸುವವರೇ ಹೆಚ್ಚು.

ಹೊರಡುವ ದಿನ ಬುತ್ತಿ ಕಟ್ಟುವ ಕೆಲಸ. ಹೋಳಿಗೆಯನ್ನು ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರವಿ ಪೂರ್ತಿ ಆರಿಸಬೇಕು. ಬಿಸಿಯಲ್ಲೇ ಡಬ್ಬಿ ಮುಚ್ಚಿದರೆ ಮುಚ್ಚಳ ಬೆವರಿ, ಆ ನೀರು ಇಳಿದು ಬೂಸಲು ಹಿಡಿಯುತ್ತದೆ. ಕಟ್ಟಿನ ಸಾರನ್ನು ರೈಲಿನಲ್ಲಿ ಒಯ್ಯುವ ಸಾಹಸ ಬೇಡ ಎಂದರೆ ಯಾವ ಅವ್ವನೂ ಕೇಳುವುದಿಲ್ಲ. ಹಿಂದಿನ ರಾತ್ರಿ ಫ್ರೀಜರಿನಲ್ಲಿಟ್ಟು ಗಡ್ಡೆ ಮಾಡಿ, ಡಬ್ಬಿಯಲ್ಲಿ ಎರಡು ಬೆರಳು ಜಾಗ ಬಿಟ್ಟು, ನೆಟ್ಟಗೆ ನಿಲ್ಲಿಸಿ ಒಯ್ಯಬೇಕು. ಅಡ್ಡ ಇಟ್ಟರೆ ಗುಂತಕಲ್ ದಾಟುವುದರೊಳಗೆ ಬೋಗಿಯವರಿಗೆಲ್ಲ ಯಾರ ಮನೆಯಲ್ಲಿ ಹಬ್ಬವಾಯಿತೆಂದು ಗೊತ್ತಾಗುತ್ತದೆ.

ಡಬ್ಬಿ ಮಾತ್ರ ಹಳೆಯದೇ ಕೊಡಿ. ಮುಚ್ಚಳದ ಮೇಲೆ ಆಯಿಯ ಹೆಸರು ಕೊರೆಸಿದ ಸ್ಟೀಲ್ ಡಬ್ಬಿ ಒಮ್ಮೆ ಬೆಂಗಳೂರಿಗೆ ಹೋದರೆ ತಿರುಗಿ ಬರುವುದಿಲ್ಲ. ಅದರಲ್ಲಿ ಈಗ ಮೊಬೈಲ್ ಚಾರ್ಜರು, ಹಳೆಯ ಸಿಮ್ಮು, ಒಂದು ಒಣಗಿದ ಬನ್ನಿ ಎಸಳು ಇರುತ್ತವೆ.