ಸ್ವಲ್ಪ ಹಿಂದೆ ಸರಿ

ಶೋರೂಮಿನಲ್ಲಿ ಕೂತು ನೋಡಿದರೆ ಎಲ್ಲ ಬೈಕಿನ ಸೀಟೂ ಚೆನ್ನಾಗೇ ಇರುತ್ತದೆ. ಗಾಡಿ ನಿಂತಿರುತ್ತದೆ, ಏಸಿ ಓಡುತ್ತಿರುತ್ತದೆ, ಪಕ್ಕದಲ್ಲಿ ಟೈ ಕಟ್ಟಿದ ಹುಡುಗ ‘ನಿಮಗೆ ಸೂಟ್ ಆಗ್ತಿದೆ ಸಾರ್’ ಅನ್ನುತ್ತಿರುತ್ತಾನೆ. ಹ್ಯಾಂಡಲ್ ಹಿಡಿದು, ಕನ್ನಡಿಯಲ್ಲಿ ನಮ್ಮ ಮುಖ ನಾವೇ ನೋಡಿಕೊಂಡು ಇಳಿಯುತ್ತೇವೆ. ಅಷ್ಟರಲ್ಲಿ ಸೀಟಿನ ಬಗ್ಗೆ ಏನು ತಾನೇ ಗೊತ್ತಾಗುತ್ತದೆ? ಅದರ ನಿಜವಾದ ಗುಣ ತಿಳಿಯಬೇಕಾದರೆ ಬೆಂಗಳೂರು ಬಿಟ್ಟು ಚನ್ನಪಟ್ಟಣದವರೆಗಾದರೂ ಹೋಗಬೇಕು.

ಅದೂ ಸರ್ವಿಸ್ ರಸ್ತೆಯಲ್ಲಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳನ್ನು ಬಿಡುವುದಿಲ್ಲ. ಕಾರಿನವರು ಅಲ್ಲಿ ಸುಯ್ಯನೆ ಹೋಗುತ್ತಾರೆ. ನಾವು ಪಕ್ಕದಲ್ಲಿ ಹಂಪು, ಗುಂಡಿ, ರಾಂಗ್ ಸೈಡಿನಲ್ಲಿ ಬರುವ ಗಾಡಿ, ರಸ್ತೆ ದಾಟುವ ಎಮ್ಮೆ ಎಲ್ಲವನ್ನೂ ವಿಚಾರಿಸಿಕೊಂಡು ಹೋಗುತ್ತೇವೆ.

ಬಿಡದಿಯವರೆಗೆ ಏನೂ ಗೊತ್ತಾಗುವುದಿಲ್ಲ. ರಾಮನಗರ ಬಂದಾಗ ಸುಮ್ನೆ ಒಂದು ಸಲ ಹಿಂದೆ ಸರಿದು ಕೂರಬೇಕು ಅನ್ನಿಸುತ್ತದೆ. ಚನ್ನಪಟ್ಟಣದ ಹೊತ್ತಿಗೆ ಒಂದು ಕಡೆ ಎತ್ತಿ ಇನ್ನೊಂದು ಕಡೆ ಭಾರ ಹಾಕುವ ಕಾರ್ಯಕ್ರಮ ಶುರುವಾಗುತ್ತದೆ. ಮದ್ದೂರಿನಲ್ಲಿ ಜನ ವಡೆಗಾಗಿ ನಿಲ್ಲಿಸುತ್ತಾರೆ ಅನ್ನುತ್ತಾರಲ್ಲ, ಬೈಕಿನವರ ವಿಷಯದಲ್ಲಿ ಅದು ಪೂರ್ತಿ ಸತ್ಯವಲ್ಲ. ಹೋಟೆಲಿನವರು ‘ಒಳಗೆ ಸೀಟಿದೆ, ಬನ್ನಿ ಸಾರ್’ ಎಂದು ಪ್ರೀತಿಯಿಂದ ಕರೆಯುತ್ತಾರೆ. ನಾನು ನಿಂತೇ ತಿನ್ನುತ್ತೇನೆ.

ಒಬ್ಬನೇ ಹೋದರೆ ಇಷ್ಟು. ಹಿಂದೆ ಹೆಂಡತಿ ಕೂತರೆ ಲೆಕ್ಕವೇ ಬೇರೆ. ಬಹಳಷ್ಟು ಬೈಕುಗಳ ಸೀಟು ಟ್ಯಾಂಕಿನ ಕಡೆ ಸ್ವಲ್ಪ ಇಳಿಜಾರಾಗಿರುತ್ತದೆ. ಬ್ರೇಕ್ ಹಾಕಿದಾಗೆಲ್ಲ ಹಿಂದಿನವರು ಒಂದಿಷ್ಟು ಮುಂದೆ ಜಾರುತ್ತಾರೆ, ಅವರು ತಳ್ಳಿದ್ದಕ್ಕೆ ನಾವೂ ಒಂದಿಷ್ಟು ಜಾರುತ್ತೇವೆ. ಗೇರ್ ಹಾಕಿ ಮುಂದೆ ಹೋದಾಗ ವಾಪಸ್ ಹಿಂದಕ್ಕೆ ಹೋಗಬೇಕಲ್ವಾ? ಹೋಗುವುದಿಲ್ಲ. ಹೀಗೆ ಒಂದೊಂದು ಹಂಪಿಗೂ ಅರ್ಧರ್ಧ ಇಂಚು ಕಳೆದುಕೊಂಡು ಮಂಡ್ಯ ಬರುವ ಹೊತ್ತಿಗೆ ನಾನು ಪೆಟ್ರೋಲ್ ಟ್ಯಾಂಕಿನ ಮೇಲಿರುತ್ತೇನೆ. ಮೊಣಕಾಲು ಹ್ಯಾಂಡಲ್‌ಗೆ ತಾಗುತ್ತಿರುತ್ತದೆ. ಹಿಂದೆ ಇಡೀ ಸೀಟು ಇವಳದು.

‘ಸ್ವಲ್ಪ ಹಿಂದೆ ಸರಿ.’

‘ಎಲ್ಲಿಗ್ರೀ ಸರೀಲಿ? ಹಿಂದೆ ಬ್ಯಾಗಿದೆ. ನೀವೇ ನನ್ ಮೇಲೆ ಬರ್ತಾ ಇದೀರ.’

ಇದರ ಮಧ್ಯೆ ಹೆಲ್ಮೆಟ್ಟು ಬೇರೆ. 2016ರ ಜನವರಿಯಿಂದ ಕರ್ನಾಟಕದಲ್ಲಿ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ಒಳ್ಳೆಯದೇ, ತಲೆ ಉಳಿಯಬೇಕು. ಆದರೆ ಒಂದೊಂದು ಬ್ರೇಕಿಗೂ ಅವಳ ಹೆಲ್ಮೆಟ್ಟು ನನ್ನ ಹೆಲ್ಮೆಟ್ಟಿಗೆ ‘ಟಕ್’ ಎಂದು ಹೊಡೆಯುತ್ತದೆ. ಜಗಳ ನಡೆಯುತ್ತಿದ್ದಾಗ ಆ ಟಕ್ ಬ್ರೇಕಿನದೋ ಬೇರೆಯದೋ ಹೇಳುವುದು ಕಷ್ಟ.

ನಮ್ಮ ಅಪ್ಪನಿಗೆ ಈ ತಾಪತ್ರಯ ಇರಲಿಲ್ಲ. ಅವರದು ಯೆಜ್ಡಿ, ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯದು. ಕಿಕ್ ಹೊಡೆದ ಲಿವರನ್ನೇ ಮುಂದಕ್ಕೆ ಮಡಚಿದರೆ ಗೇರ್ ಲಿವರ್ ಆಗುವ ಆ ವಿಚಿತ್ರ ಗಾಡಿ. ಸೀಟು ಉದ್ದಕ್ಕೆ, ಚಪ್ಪಟೆಯಾಗಿ, ಗಟ್ಟಿಯಾಗಿತ್ತು. ಟ್ಯಾಂಕಿನ ಮೇಲೆ ನಾನು, ಆಮೇಲೆ ಅಪ್ಪ, ನಡುವೆ ತಂಗಿ, ಹಿಂದೆ ಅಮ್ಮ. ಈಗಿನ ಮೋಟಾರು ವಾಹನ ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಓಡಿಸುವವನ ಹಿಂದೆ ಒಬ್ಬರೇ ಕೂರಬೇಕು. ಆಗ ನಮ್ಮ ಬೀದಿಯಲ್ಲಿ ನಾಲ್ಕು ಜನ ಕೂತರೆ ‘ಗಾಡಿ ಖಾಲಿ ಇದೆಯಲ್ಲ’ ಅನ್ನುತ್ತಿದ್ದರು.

ಅಮ್ಮ ಸೀರೆಯಲ್ಲಿ ಒಂದೇ ಕಡೆ ಕಾಲು ಹಾಕಿ ಕೂರುತ್ತಿದ್ದಳು. ಎರಡು ಕಾಲೂ ಎಡಕ್ಕೆ, ಸೀರೆ ಗಾರ್ಡಿನ ಪಟ್ಟಿಯ ಮೇಲೆ. ಬಲಗೈ ಅಪ್ಪನ ಭುಜದ ಮೇಲೆ, ಎಡಗೈಯಲ್ಲಿ ಬುಟ್ಟಿ, ಬುಟ್ಟಿಯಲ್ಲಿ ದೇವರಾಜ ಮಾರುಕಟ್ಟೆಯ ಸೊಪ್ಪು. ಭಾರವೆಲ್ಲ ಎಡಕ್ಕೆ ಎಳೆಯುತ್ತಿದ್ದುದರಿಂದ ಅಪ್ಪ ಬಲಕ್ಕೆ ವಾಲಿಕೊಂಡೇ ಓಡಿಸುತ್ತಿದ್ದರು. ಎಷ್ಟು ರೂಢಿಯಾಗಿತ್ತೆಂದರೆ ಆಫೀಸಿಗೆ ಒಬ್ಬರೇ ಹೋಗುವಾಗಲೂ ಬಲ ಭುಜ ಕೆಳಗೇ. ಅಂದಹಾಗೆ ಸೀರೆ ಗಾರ್ಡ್ ಅನ್ನುವುದು ಅಂಗಡಿಯವರು ತಲೆಗೆ ಕಟ್ಟುವ ಎಕ್ಸ್‌ಟ್ರಾ ಫಿಟಿಂಗ್ ಅಲ್ಲ. ಹಿಂದಿನವರಿಗೆ ಹಿಡಿ, ಕಾಲಿಡಲು ಜಾಗ, ಬಟ್ಟೆ ಸಿಕ್ಕದ ಹಾಗೆ ಹಿಂಚಕ್ರದ ಅರ್ಧಕ್ಕಾದರೂ ಮರೆ ಇರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ನಮ್ಮ ಎದುರು ಮನೆಯ ಹುಡುಗ ಗಾಡಿ ತಂದ ದಿನವೇ ಅದನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ. ಲುಕ್ ಹಾಳಾಗುತ್ತದಂತೆ.

ಅವನದು ಸ್ಪೋರ್ಟ್ಸ್ ಬೈಕು. ಹ್ಯಾಂಡಲ್ ತಗ್ಗಿನಲ್ಲಿ, ಫುಟ್‌ರೆಸ್ಟ್ ಹಿಂದೆ, ಮೈಭಾರವೆಲ್ಲ ಮಣಿಕಟ್ಟಿನ ಮೇಲೆ. ಕ್ರೂಸರ್ ತಗೊಂಡರೆ ಉಲ್ಟಾ. ಅವೆಂಜರ್ ಥರದ ಗಾಡಿಯಲ್ಲಿ ಸೀಟು 737 ಮಿ.ಮೀ. ಎತ್ತರ ಅಷ್ಟೇ. ಎರಡೂ ಪಾದ ನೆಲಕ್ಕೆ ಆರಾಮಾಗಿ ಸಿಗುತ್ತದೆ, ಕಾಲು ಮುಂದೆ ಚಾಚಬಹುದು. ಆದರೆ ಚಾಚಿದ ಕಾಲು ಭಾರ ಹೊರುವುದಿಲ್ಲವಲ್ಲ, ಗುಂಡಿ ಬಂದರೆ ಏಟೆಲ್ಲ ನೇರವಾಗಿ ಬೆನ್ನುಮೂಳೆಗೆ. ಕಾಲು ಮೊಣಕಾಲಿನ ನೇರಕ್ಕೆ ಕೆಳಗೆ ಬರುವ ಸಾದಾ ಬೈಕೇ ವಾಸಿ. ಸ್ಪ್ಲೆಂಡರ್ ಇಷ್ಟು ವರ್ಷದಿಂದ ಹಾಲಿನವರನ್ನೂ ಮೇಷ್ಟ್ರನ್ನೂ ಹೊತ್ತು ಓಡಾಡುತ್ತಿರುವುದು ಬರೀ ಮೈಲೇಜಿನಿಂದ ಅಲ್ಲ ಅಂತ ನನ್ನ ಅನಿಸಿಕೆ.

ನಾನು ಆ ದಾರಿ ಬಿಟ್ಟು 350 ಸಿಸಿಯದು ತಗೊಂಡೆ. ಮದ್ದೂರಿನಲ್ಲಿ ನಿಂತು ತಿಂದು ಸಾಕಾಗಿ ಬೆಂಗಳೂರಿನ ಒಂದು ಸೀಟು ಅಂಗಡಿಗೆ ಹೋದೆ. ಸಣ್ಣ ಅಂಗಡಿ, ನೆಲದ ತುಂಬ ಸ್ಪಂಜಿನ ಚೂರು, ರೆಕ್ಸಿನ್ ಮತ್ತು ಸಲ್ಯೂಷನ್ ವಾಸನೆ. ಅಂಗಡಿಯವನು ನನ್ನ ಸೀಟನ್ನು ಹೆಬ್ಬೆರಳಿನಿಂದ ಒತ್ತಿ, ‘ಕಲ್ಲು ಸಾರ್ ಇದು. ಎರಡಿಂಚು ಸಾಫ್ಟ್ ಹಾಕ್ತೀನಿ, ಸೋಫಾ ಆಗುತ್ತೆ’ ಅಂದ. ಪಿನ್ನು ಕಿತ್ತು ರೆಕ್ಸಿನ್ ಸಿಪ್ಪೆ ಸುಲಿದು, ಸ್ಪಂಜು ಅಂಟಿಸಿ, ಗರಗಸದ ಬ್ಲೇಡಿನಲ್ಲಿ ಕೆತ್ತಿ, ಹೊಸ ರೆಕ್ಸಿನ್ ಎಳೆದು ಚಟಚಟ ಪಿನ್ ಹೊಡೆದ. ಕೂತು ನೋಡಿದೆ. ಆಹಾ!

ಆಹಾ ಅನ್ನಿಸಿದ್ದು ಮನೆ ಸೇರುವವರೆಗೆ. ನಾವು ಕೂತಾಗ ಮೈಭಾರ ನಿಲ್ಲುವುದು ಕುಂಡಿಯ ಕೆಳಗಿನ ಎರಡು ಮೂಳೆಗಳ ತುದಿಯ ಮೇಲೆ. ಗಟ್ಟಿ ಸ್ಪಂಜು ಅವನ್ನು ತಡೆದು ನಿಲ್ಲಿಸುತ್ತದೆ. ಮೆತ್ತನೆಯದು ಮೊದಲು ಮುದ್ದು ಮಾಡುತ್ತದೆ, ಆಮೇಲೆ ಚಪ್ಪಟೆಯಾಗಿ ಕೂತುಬಿಡುತ್ತದೆ. ಆ ಎರಡು ಮೂಳೆ ನೇರ ಕೆಳಗಿನ ತಟ್ಟೆಯ ಜೊತೆ ಮಾತಿಗಿಳಿಯುತ್ತವೆ.

ಇನ್ನೊಂದು ವಿಷಯ ಸಿಗ್ನಲ್ಲಿನಲ್ಲಿ ಗೊತ್ತಾಯಿತು. ನನ್ನ ಗಾಡಿಯ ಸೀಟು ಮೊದಲೇ 805 ಮಿ.ಮೀ. ಎತ್ತರ. ಅದಕ್ಕೆ ಎರಡಿಂಚು ಸೇರಿದರೆ ನನ್ನ ಐದಡಿ ಐದಿಂಚಿನ ದೇಹಕ್ಕೆ ಬರೀ ಹೆಬ್ಬೆರಳು ನೆಲಕ್ಕೆ ಸಿಗುತ್ತದೆ. ಕೆಂಪು ದೀಪ ಬಿತ್ತು, ನಿಲ್ಲಿಸಿದೆ, ಎಡಗಾಲು ಇಳಿಸಿದೆ. ಆ ಜಾಗದಲ್ಲಿ ರಸ್ತೆ ಇರಲಿಲ್ಲ, ಚರಂಡಿ ಕಡೆಗಿನ ಇಳಿಜಾರಿತ್ತು. 195 ಕೆಜಿ ಗಾಡಿ ಒಮ್ಮೆ ವಾಲಲು ತೀರ್ಮಾನಿಸಿದ ಮೇಲೆ ಯಾರ ಮಾತೂ ಕೇಳುವುದಿಲ್ಲ. ಜೋರಾಗಿ ಬಿದ್ದರೆ ಜನ ‘ಅಯ್ಯೋ’ ಅನ್ನುತ್ತಾರೆ. ನಿಂತಲ್ಲೇ ನಿಧಾನಕ್ಕೆ ಬಿದ್ದರೆ ಪೂರ್ತಿ ನೋಡಲು ಅವರಿಗೆ ಸಮಯ ಸಿಗುತ್ತದೆ. ಇವಳು ಮಾತ್ರ ಬೀಳುವ ಮೊದಲೇ ಇಳಿದು, ಬ್ಯಾಗನ್ನೂ ಇಳಿಸಿಕೊಂಡು ಪಕ್ಕದಲ್ಲಿ ನಿಂತಿದ್ದಳು.

ಮೆಕ್ಯಾನಿಕ್ ಬೇರೆ ಉಪಾಯ ಹೇಳಿದ. ಹಿಂದಿನ ಶಾಕ್ ಅಬ್ಸಾರ್ಬರ್ ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಚ್ಚುಗಳಿರುತ್ತವೆ. ಕೊಕ್ಕೆಯ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಸ್ಪ್ರಿಂಗ್ ಬಿಗಿಯಾಗುತ್ತದೆ ಅಥವಾ ಸಡಿಲವಾಗುತ್ತದೆ. ಒಬ್ಬರೇ ಇದ್ದರೆ ಸಡಿಲ, ಹಿಂದೆ ಜನ ಇದ್ದರೆ ಬಿಗಿ. ‘ಮೇಡಂ ವೆಯ್ಟ್ ಎಷ್ಟು ಸಾರ್? ಅದರ ಮೇಲೆ ಸೆಟ್ ಮಾಡ್ತೀನಿ’ ಎಂದು ಕೇಳಿದ. ಇವಳು ಅಲ್ಲೇ ಟೈರಿನ ಮೇಲೆ ಕೂತು ಫೋನ್ ನೋಡುತ್ತಿದ್ದಳು. ನಾನು ‘ಸಡಿಲಾನೇ ಇರಲಿ ಬಿಡಪ್ಪ’ ಅಂದೆ. ಸಂಸಾರ ಮುಖ್ಯ.

ಕೊನೆಗೆ ನಿಜವಾಗಿ ಕೆಲಸ ಮಾಡಿದ್ದು ಪುಕ್ಕಟೆ ಉಪಾಯ. ಹಂಪು ಬಂದಾಗ ಫುಟ್‌ರೆಸ್ಟ್ ಮೇಲೆ ಕಾಲೂರಿ, ಮೊಣಕಾಲು ಸ್ವಲ್ಪ ಮಡಚಿ, ಸೀಟಿನಿಂದ ಮೇಲೇಳುವುದು. ಏಟನ್ನು ಕಾಲು ತಿನ್ನುತ್ತದೆ, ಬೆನ್ನು ಉಳಿಯುತ್ತದೆ. ನಾನು ಎದ್ದ ಆ ಕ್ಷಣದಲ್ಲಿ ನನ್ನ ಜಾಗವನ್ನೂ ಇವಳು ಆಕ್ರಮಿಸಿಕೊಳ್ಳದ ಹಾಗೆ ಒಪ್ಪಂದವಾಗಿದೆ. ಹಂಪು ನೋಡಿ ಹೇಳುವ ಜವಾಬ್ದಾರಿ ಅವಳದೇ. ಅದನ್ನು ಬಹಳ ಶ್ರದ್ಧೆಯಿಂದ ಮಾಡುತ್ತಾಳೆ. ಮರದ ನೆರಳು ರಸ್ತೆಗೆ ಅಡ್ಡ ಬಿದ್ದಿದ್ದರೂ ‘ಹಂಪ್ ರೀ!’ ಅನ್ನುತ್ತಾಳೆ, ನಾನು ಏಳುತ್ತೇನೆ.

ಮೊನ್ನೆ ಶ್ರೀರಂಗಪಟ್ಟಣದ ಹತ್ತಿರ ಸಾಲುಮರದ ನೆರಳಿನಲ್ಲಿ ಎದ್ದು ಕೂತು, ಎದ್ದು ಕೂತು ಹೋಗುತ್ತಿದ್ದಾಗ ಟ್ರಾಫಿಕ್ ಪೊಲೀಸಿನವರು ಕೈ ಅಡ್ಡ ಹಿಡಿದರು.

‘ಏನ್ ಸ್ವಾಮಿ, ನಿಂತ್ಕೊಂಡ್ ಓಡಿಸ್ತಿದೀರ? ಗಾಡೀಲಿ ಸೀಟಿಲ್ವಾ?’

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಉತ್ತರ ಹೋಯಿತು.

‘ಇದೆ ಸಾರ್. ಅದೇ ಪ್ರಾಬ್ಲಮ್.’