ನಮ್ಮನೆ ಬಾಕ್ಸಿಗೆ ಈಗ ಗಂಟೆ ಎಷ್ಟು?

ಸ್ಯಾಟಲೈಟ್ ರಿಸೀವರ್ ಮುಂದೆ ಕೆಂಪಗೆ ಹೊಳೆಯುವ ಆ ನಾಲ್ಕು ಅಂಕಿಗಳನ್ನು ಗಡಿಯಾರ ಅಂತ ನಂಬಿದವರು ಯಾರೂ ಉದ್ಧಾರ ಆಗಿಲ್ಲ. ಅದು ಗಡಿಯಾರ ಅಲ್ಲ ಸ್ವಾಮಿ, ಆಕಾಶದಿಂದ ಬಂದ ಗಾಳಿಸುದ್ದಿ. ಕೊನೆಗೆ ನೋಡಿದ ಚಾನೆಲ್ ಏನು ಹೇಳಿತೋ ಅದನ್ನೇ ಬಾಕ್ಸು ಸತ್ಯ ಅಂದುಕೊಂಡು ಕೂತಿರುತ್ತದೆ.

ಇದು ನನಗೆ ತಿಳಿದದ್ದು ಒಂದು ಹಳೇ ಸಿನಿಮಾ ದೆಸೆಯಿಂದ. ರಾತ್ರಿ 11ಕ್ಕೆ ರೆಕಾರ್ಡ್ ಆಗಲಿ ಅಂತ ಟೈಮರ್ ಹಾಕಿ ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಫೈಲ್ ಇದೆ, ಉದ್ದವೂ ಸರಿಯಾಗಿದೆ, ಶುರುವಾಗೋದು ಮಾತ್ರ ಇಂಟರ್ವಲ್ ಆದಮೇಲೆ. ನಾಯಕಿ ಅಳ್ತಿದ್ದಾಳೆ, ಯಾಕೋ ಗೊತ್ತಿಲ್ಲ. ನಾಯಕ ಜೈಲಿನಲ್ಲಿದ್ದಾನೆ, ಯಾರಿಗೆ ಹೊಡೆದನೋ ಗೊತ್ತಿಲ್ಲ. ಸಿನಿಮಾ ಮುಗಿದ ಮೇಲೆ ಮೊಣಕಾಲು ನೋವಿನ ಎಣ್ಣೆಯ ಜಾಹೀರಾತು, ಅದು ಮಾತ್ರ ಮೊದಲಿಂದ ಕೊನೇವರೆಗೆ ಒಂದು ಫ್ರೇಮೂ ತಪ್ಪದೆ ರೆಕಾರ್ಡ್ ಆಗಿತ್ತು.

"ಎಣ್ಣೆದಾದ್ರೂ ಪೂರ್ತಿ ಬಂತಲ್ಲ, ಬಿಡಿ ರೀ" ಅಂದಳು ನನ್ನ ಹೆಂಡತಿ.

ಬಾಕ್ಸಿನ ಸಮಯ ನೋಡಿದೆ. ಗೋಡೆ ಗಡಿಯಾರಕ್ಕಿಂತ ಸರಿಯಾಗಿ ಒಂದೂವರೆ ಗಂಟೆ ಹಿಂದೆ. ಹತ್ತು ನಿಮಿಷ ಹಿಂದಿದ್ದರೆ ಹಾಳಾಗಿದೆ ಅನ್ನಬಹುದು. ಇಷ್ಟು ಲೆಕ್ಕವಾಗಿ ಒಂದೂವರೆ ಗಂಟೆ ಅಂದ್ರೆ ಇದರ ಹಿಂದೆ ಯಾರದೋ ಕೈವಾಡ ಇದೆ ಅಂತಲೇ ಅರ್ಥ.

ಕೈವಾಡ ಮಾವನವರದ್ದು. ಅವರಿಗೊಂದು ಅಭ್ಯಾಸ. ಭಾಷೆ ಬರಲಿ ಬಿಡಲಿ, ರಿಮೋಟಿನಲ್ಲಿ ಊರೂರು ಸುತ್ತಬೇಕು. ಅಂದು ರಾತ್ರಿ ಕೊಲ್ಲಿ ದೇಶದ ಯಾವುದೋ ಫ್ರೀ ಚಾನೆಲ್ಲಿನಲ್ಲಿ ಒಂಟೆ ಓಟ ನೋಡುತ್ತಾ ಹಾಗೇ ಬಾಕ್ಸನ್ನು ಸ್ಟ್ಯಾಂಡ್‌ಬೈಗೆ ಹಾಕಿ ಎದ್ದು ಹೋಗಿದ್ದರು. ಯುಟಿಸಿ ಅಂದ್ರೆ ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ; ನಮ್ಮ ಸಮಯ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ, ಅಲ್ಲಿಯದು 4 ಗಂಟೆ ಮುಂದೆ. ಕಳೆದು ನೋಡಿ.

ವಿಷಯ ಏನಂದ್ರೆ, ಪ್ರತಿ ಟ್ರಾನ್ಸ್‌ಪಾಂಡರ್ (ಉಪಗ್ರಹದಲ್ಲಿ ಒಂದಷ್ಟು ಚಾನೆಲ್‌ಗಳನ್ನು ಒಟ್ಟಿಗೆ ಕಳಿಸುವ ಸಾಧನ) ಸಿಗ್ನಲ್ಲಿನ ಜೊತೆ ಸಮಯವೂ ಬರುತ್ತದೆ. ಟಿಡಿಟಿ ಅಂತ ಒಂದು ಪಟ್ಟಿ, ಅದರಲ್ಲಿ ಯುಟಿಸಿ ಸಮಯ ಇರುತ್ತದೆ, ಕನಿಷ್ಠ 30 ಸೆಕೆಂಡಿಗೊಮ್ಮೆ ಕಳಿಸಬೇಕು ಅಂತ ನಿಯಮ. ಟಿಒಟಿ ಅಂತ ಇನ್ನೊಂದು, ಯಾವ ದೇಶಕ್ಕೆ ಎಷ್ಟು ಗಂಟೆ ಕೂಡಿಸಬೇಕು ಅಂತ ಅದು ಹೇಳುತ್ತದೆ. ಟೈಮ್ ಝೋನ್ 'ಆಟೋ' ಅಂತ ಬಿಟ್ಟಿದ್ದರೆ ಬಾಕ್ಸು ಪಾಪ, ಒಂಟೆಯವರು ಹೇಳಿದ್ದನ್ನೂ ಕೇಳುತ್ತದೆ. ಕೆಲವು ಚಾನೆಲ್‌ನವರಂತೂ ಮೂಲ ಸಮಯವನ್ನೇ ತಪ್ಪಾಗಿ ಕಳಿಸುತ್ತಾರೆ, ಅವರ ಕಡೆ ಯಾರೂ ಗಡಿಯಾರ ನೋಡಲ್ಲ ಅನ್ಸುತ್ತೆ. ಇದಕ್ಕೆಲ್ಲ ಉಪಗ್ರಹವನ್ನು ಮಾತ್ರ ಬೈಯಬೇಡಿ. ಅದು ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಸಿಗ್ನಲ್ ಹತ್ತಿ ಇಳಿದು ಬರೋಕೆ ಹಿಡಿಯೋದು ಕಾಲು ಸೆಕೆಂಡ್. ಉಳಿದ ಒಂದೂವರೆ ಗಂಟೆ ಭೂಮಿ ಮೇಲಿನವರದ್ದೇ.

ಇನ್ನೊಂದು ತಮಾಷೆ. ಈ ಟಿಡಿಟಿಯಲ್ಲಿ ತಾರೀಖು ಬರೋದು ನಮ್ಮ ಕ್ಯಾಲೆಂಡರ್ ಲೆಕ್ಕದಲ್ಲಲ್ಲ, 1858ರ ನವೆಂಬರ್ 17ರಿಂದ ಇವತ್ತಿಗೆ ಎಷ್ಟು ದಿನ ಆಯ್ತು ಅನ್ನೋ ಲೆಕ್ಕದಲ್ಲಿ. ಸ್ಪುಟ್ನಿಕ್ ಎಲ್ಲೆಲ್ಲಿ ಸುತ್ತುತ್ತಿದೆ ಅಂತ ಬರೆದಿಡಲು 1957ರಲ್ಲಿ ಅಮೆರಿಕದ ಸ್ಮಿತ್‌ಸೋನಿಯನ್ ಖಗೋಳ ವೀಕ್ಷಣಾಲಯದವರು ಶುರು ಮಾಡಿದ ಲೆಕ್ಕ ಅದು. ಈಗ ಅತ್ತೆಯ ಸೀರಿಯಲ್ ಕಾಯುತ್ತಿದೆ. ತಾರೀಖಿಗೆ ಕೊಟ್ಟಿರುವ ಜಾಗ ಬರೀ 16 ಬಿಟ್, ಅದು ತುಂಬೋದು 2038ರ ಏಪ್ರಿಲ್ 22ಕ್ಕೆ. ಆಮೇಲಿನದನ್ನು ಮೊಮ್ಮಕ್ಕಳು ನೋಡಿಕೊಳ್ಳಲಿ.

ಸರಿ, ಆಟೋ ತೆಗೆದು ಝೋನನ್ನು ಕೈಯಾರೆ 5:30ಕ್ಕೆ ಇಟ್ಟೆ. (ಹಿಂದೆ ಇದ್ದ ಬಾಕ್ಸಿನಲ್ಲಿ 5 ಇತ್ತು, 6 ಇತ್ತು, ನಡುವೆ ಏನೂ ಇರಲಿಲ್ಲ.) ಸ್ವಲ್ಪ ದಿನ ಎಲ್ಲ ಚೆನ್ನಾಗಿತ್ತು. ಆಮೇಲೆ ರೆಕಾರ್ಡಿಂಗೆಲ್ಲ ಒಂದು ಗಂಟೆ ಮೊದಲೇ ಶುರುವಾಗಿ ಒಂದು ಗಂಟೆ ಮೊದಲೇ ನಿಲ್ಲೋಕೆ ಶುರು. ಮೆನು ಜಾಲಾಡಿದೆ. 'ಸಮ್ಮರ್ ಟೈಮ್: ಆನ್'. ಅದು ಗಡಿಯಾರವನ್ನು ಬೇಸಿಗೆಯಲ್ಲಿ ಒಂದು ಗಂಟೆ ಮುಂದೆ ತಿರುಗಿಸುವ ದೇಶಗಳಿಗೆ ಇಟ್ಟ ಬಟನ್ನು. ಮಗನನ್ನು ಕೂಗಿದೆ.

"ಇದನ್ನ ಯಾಕೋ ಆನ್ ಮಾಡಿದೆ?"

"ಎಷ್ಟು ಸೆಕೆ ಇದೆ ನೋಡಪ್ಪಾ, ಬೇಸಿಗೆ ಅಲ್ವಾ?"

ಇದಕ್ಕೆ ಉತ್ತರ ಕೊಡೋಕೆ ಎರಡು ಕೈ ಸಾಲದು. ಭೂಗೋಳ, ಸೂರ್ಯ, ಯುರೋಪು ಎಲ್ಲ ಹೇಳಬೇಕಾಯಿತು. ಅವನು ಎಲ್ಲ ಕೇಳಿ, "ಹಾಗಾದ್ರೆ ಚಳಿಗಾಲಕ್ಕೆ ಬಟನ್ ಎಲ್ಲಿದೆ?" ಅಂದ.

ಕರೆಂಟ್ ಹೋಗಿ ಬಂದಾಗಿನದು ಬೇರೆ ಕಥೆ. ಇಂಥ ಬಾಕ್ಸುಗಳಲ್ಲಿ ಎಷ್ಟೋ ಕಡೆ ಗಡಿಯಾರಕ್ಕೆ ಅಂತ ಬ್ಯಾಟರಿಯೇ ಇರಲ್ಲ. ಒಳಗೆ ಲಿನಕ್ಸ್ ಅನ್ನೋ ತಂತ್ರಾಂಶ ಇರುವವು ಸಮಯ ಗೊತ್ತಿಲ್ಲದಿದ್ದರೆ 1970ರ ಜನವರಿ 1ರ ಮಧ್ಯರಾತ್ರಿಯಿಂದ ಎಣಿಸೋಕೆ ಶುರು ಮಾಡುತ್ತವೆ. ಅದು ಯುಟಿಸಿ ಮಧ್ಯರಾತ್ರಿ, ಅದಕ್ಕೆ ನಮ್ಮ ಐದೂವರೆ ಗಂಟೆ ಕೂಡಿಸಿದರೆ ಬಾಕ್ಸಿನ ಮುಂದಿರುವ ಕೆಂಪು ಅಂಕಿಗಳಲ್ಲಿ 05:30 ಬಂತಾ? ಒಮ್ಮೆ ಮಧ್ಯಾಹ್ನದ ನಿದ್ದೆಯಿಂದ ಎದ್ದ ಅತ್ತೆ ಅದನ್ನು ನೋಡಿ "ಅಯ್ಯೋ, ಇಷ್ಟೊತ್ತು ಮಲಗಿಬಿಟ್ನಾ" ಅಂತ ಗಾಬರಿಯಾಗಿದ್ದರು. ಸಿಗ್ನಲ್ ಸಿಕ್ಕ ಕೂಡಲೇ ಬಾಕ್ಸು 1970ರಿಂದ ಇವತ್ತಿಗೆ ಒಂದೇ ಹಾರು ಹಾರುತ್ತದೆ. ಡಿಶ್ ಮೇಲೆ ಮಳೆ ಸುರಿದು ಸಿಗ್ನಲ್ ಇಲ್ಲ ಅಂದ್ರೆ ಅಲ್ಲೇ ಕೂತಿರುತ್ತದೆ, ನಿಮ್ಮ ಟೈಮರಿಗೆ ಇನ್ನೂ ಐವತ್ತು ಚಿಲ್ಲರೆ ವರ್ಷ ಟೈಮ್ ಇದೆ ಅಂದುಕೊಂಡು. ಡೀಪ್ ಸ್ಟ್ಯಾಂಡ್‌ಬೈ ಅನ್ನೋ ಗಾಢ ನಿದ್ದೆಯಿಂದ ತಾನಾಗಿ ಎದ್ದು ರೆಕಾರ್ಡ್ ಮಾಡುತ್ತೆ ಅಂತ ಡಬ್ಬದ ಮೇಲೆ ಬರೆದಿದ್ದಾರೆ, ನಿಜವೇ. ಆದರೆ ಗೋಡೆಯ ಸ್ವಿಚ್ ಆರಿಸಿದ ಮೇಲೆ ಏಳೋಕೆ ಅದಕ್ಕೇನು ಪವಾಡ ಗೊತ್ತಾ? "ಸುಮ್ನೆ ಕರೆಂಟ್ ದಂಡ" ಅಂತ ಆ ಸ್ವಿಚ್ ಆರಿಸೋರು ಎಲ್ಲರ ಮನೆಯಲ್ಲೂ ಒಬ್ಬರಿರುತ್ತಾರೆ.

ರೆಕಾರ್ಡಿಂಗ್ ಹೋಗಿ ಕೂರುವ ಪೆನ್‌ಡ್ರೈವಿನ ಗೋಳನ್ನು ಜಾಸ್ತಿ ಹೇಳಲ್ಲ. ಅದರಲ್ಲಿ ಫೈಲ್ ಜೋಡಿಸಿಡುವ ಕ್ರಮ ಫ್ಯಾಟ್32 ಆಗಿದ್ದರೆ ಒಂದು ಫೈಲ್ 4 ಜಿಬಿ ದಾಟಲ್ಲ. ಒಳ್ಳೆ ಬಾಕ್ಸಾದರೆ ತುಂಡು ಮಾಡಿ ಇಡುತ್ತದೆ, ಇಲ್ಲವಾದರೆ ಕ್ಲೈಮ್ಯಾಕ್ಸ್ ಹೊತ್ತಿಗೆ ಕೈ ಎತ್ತುತ್ತದೆ.

ಈಗ ಬಾಕ್ಸಿಗೆ ಇಂಟರ್ನೆಟ್ ಕೊಟ್ಟು, ಸಮಯವನ್ನು ಅಲ್ಲಿಂದಲೇ ತಗೋ, ಟ್ರಾನ್ಸ್‌ಪಾಂಡರ್ ಮಾತು ಕೇಳಬೇಡ ಅಂತ ಸೆಟ್ ಮಾಡಿದ್ದೇನೆ. ಮಾವ ಎಷ್ಟು ಒಂಟೆ ನೋಡಿದರೂ ಗಡಿಯಾರ ಅಲ್ಲಾಡಲ್ಲ. ಅಲ್ಲಾಡೋದು ಚಾನೆಲ್‌ನವರ ವೇಳಾಪಟ್ಟಿ. ಒಂಬತ್ತಕ್ಕೆ ಅಂದದ್ದು ಒಂಬತ್ತೂ ಹತ್ತಕ್ಕೆ ಬರುತ್ತದೆ. ಅದಕ್ಕೇ ಪ್ರತಿ ಟೈಮರಿಗೂ ಶುರುವಿಗೆ ಮೊದಲು 5 ನಿಮಿಷ, ಮುಗಿದ ಮೇಲೆ 20 ನಿಮಿಷ ಸೇರಿಸಿದೆ. ಸೇರಿಸಿದ ಕೂಡಲೇ ಅತ್ತೆಯ ಸೀರಿಯಲ್ಲಿನ ಬಾಲ ಮಾವನ ನ್ಯೂಸಿನ ತಲೆ ಮೇಲೆ ಬಂದು ಕೂತಿತು. 'ಟೈಮರ್ ಕಾನ್‌ಫ್ಲಿಕ್ಟ್' ಅಂತು ಬಾಕ್ಸು. ಮನೆಯಲ್ಲಿ ಎಲ್ಲರೂ ನನ್ನ ಮುಖ ನೋಡಿದರು.

"ಮಾವ, ಬಾಕ್ಸಿನಲ್ಲಿ ಇರೋದು ಒಂದೇ ಟ್ಯೂನರ್. ಎರಡೂ ಚಾನೆಲ್ ಒಂದೇ ಟ್ರಾನ್ಸ್‌ಪಾಂಡರಿನಲ್ಲಿ ಇದ್ದಿದ್ರೆ ಒಟ್ಟಿಗೆ ರೆಕಾರ್ಡ್ ಆಗೋದು. ಬೇರೆ ಬೇರೆ ಆದ್ರೆ ಒಂದನ್ನ ಬಿಡಲೇಬೇಕು" ಅಂತ ಬಿಡಿಸಿ ಹೇಳಿದೆ.

ಮಾವ ಕನ್ನಡಕ ಸರಿಮಾಡಿಕೊಂಡು, ಅತ್ತೆ ಕಡೆ ನೋಡದೆ, "ಹಾಗಾದ್ರೆ ಅಳಿಯಂದ್ರೇ, ಆ ಸೀರಿಯಲ್‌ನೋರಿಗೇ ಒಂದು ಫೋನ್ ಮಾಡಿ ನಮ್ಮ ಕಡೆಗೆ ಬರೋಕೆ ಹೇಳಿಬಿಡಿ" ಅಂದರು.