ಸ್ಪಷ್ಟನೆ: ಬೋರ್ನ್‌ಟ್ರೇಗರ್‌ನಲ್ಲಿ ಬಣ್ಣ ಬರದಿದ್ದರೆ ಕರಿಬೋಳ ನಕಲಿಯಲ್ಲ

ಪಿಎಚ್‌.ಡಿ. ಅರ್ಹತಾ ಪರೀಕ್ಷೆಗೆ ಫಾರ್ಮಾಕಾಗ್ನಸಿ (ಸಸ್ಯಾದಿ ನೈಸರ್ಗಿಕ ಮೂಲದ ಔಷಧಗಳ ಶಾಸ್ತ್ರ) ಓದುತ್ತಿರುವ ಮೈಸೂರಿನ ವಿದ್ಯಾರ್ಥಿಗಳ ನಡುವೆ ಒಂದು ಟಿಪ್ಪಣಿ ಓಡಾಡುತ್ತಿದೆ: ‘ಬೋರ್ನ್‌ಟ್ರೇಗರ್ ಪರೀಕ್ಷೆಯಲ್ಲಿ ಗುಲಾಬಿ ಬಣ್ಣ ಬರದ ಕರಿಬೋಳ ಕಲಬೆರಕೆ.’ ಬೋರ್ನ್‌ಟ್ರೇಗರ್ ಎಂದರೆ ಆಂಥ್ರಾಕ್ವಿನೋನ್ ಎಂಬ ಸಂಯುಕ್ತಗಳನ್ನು ಅಮೋನಿಯಾದಲ್ಲಿ ಬರುವ ಗುಲಾಬಿ ಬಣ್ಣದಿಂದ ಗುರುತಿಸುವ ಪರೀಕ್ಷೆ. ಆದರೆ ಟಿಪ್ಪಣಿಯ ಮಾತು ತಪ್ಪು. ಮೌಖಿಕದಲ್ಲಿ ಹೀಗೆಂದರೆ ಮುಂದಿನ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಲೋಳೆಸರದ ಹಳದಿ ರಸ ಒಣಗಿಸಿದ ಕರಿಬೋಳದಲ್ಲಿರುವ ಬಾರ್ಬಲಾಯಿನ್ ಒಂದು ಸಿ-ಗ್ಲೈಕೋಸೈಡ್, ಅಂದರೆ ಸಕ್ಕರೆ ಅಂಟಿದ ಸಂಯುಕ್ತ. ಅದರ ಸಕ್ಕರೆ ಇಂಗಾಲಕ್ಕೇ ನೇರವಾಗಿ ಅಂಟಿಕೊಂಡಿರುವುದರಿಂದ ಬರೀ ದುರ್ಬಲ ಆಮ್ಲದಲ್ಲಿ ಕುದಿಸಿದರೆ ಬಿಡುವುದಿಲ್ಲ, ಉತ್ಕರ್ಷಣ ಬೇಕು. ಮಾಮೂಲಿ ಪರೀಕ್ಷೆಯಲ್ಲಿ ಅದಿಲ್ಲದ್ದರಿಂದ ಅಸಲಿ ಕರಿಬೋಳದಲ್ಲೂ ಬಣ್ಣ ಬರದಿರಬಹುದು. ಹಾಗಾಗಿ ಮಾರ್ಪಡಿಸಿದ ವಿಧಾನ: 0.1 ಗ್ರಾಂ ಪುಡಿಗೆ ಶೇ 5ರ ಫೆರಿಕ್ ಕ್ಲೋರೈಡ್ 5 ಮಿ.ಲೀ., ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ 5 ಮಿ.ಲೀ. ಹಾಕಿ ಕುದಿಯುವ ನೀರಿನ ಪಾತ್ರೆಯಲ್ಲಿ 5 ನಿಮಿಷ ಇಡಿ. ತಣಿದ ಮೇಲೆ ಕ್ಲೋರೋಫಾರ್ಮ್ ಸೇರಿಸಿ ಮೆಲ್ಲಗೆ ಕುಲುಕಿ. ಜೋರಾಗಿ ಕುಲುಕಿದರೆ ಎರಡೂ ಹಾಲಿನಂತೆ ಕಲಸಿಕೊಂಡು ಪದರ ಬೇರ್ಪಡಲು ಸತಾಯಿಸುತ್ತವೆ. ಕೆಳಗಿನ ಕ್ಲೋರೋಫಾರ್ಮನ್ನಷ್ಟೇ ತೆಗೆದು ಸಮಪ್ರಮಾಣದ ದುರ್ಬಲ ಅಮೋನಿಯಾ ಹಾಕಿ. ಗುಲಾಬಿ ಕಾಣುವುದು ಮೇಲಿನ ಅಮೋನಿಯಾ ಪದರದಲ್ಲಿ.

ಕೆಂಗಂದು ಗಸಿ ಬಂತೇ? ಕಬ್ಬಿಣದ ದ್ರಾವಣ ಜೊತೆಗೆ ಬಂದಿದೆ, ಅದು ಫೆರಿಕ್ ಹೈಡ್ರಾಕ್ಸೈಡ್, ಫಲಿತಾಂಶವಲ್ಲ. ಇನ್ನು ಎಲೆಯೊಳಗಿನ ಬಿಳಿ ಲೋಳೆಯನ್ನು ತಂದು ಪರೀಕ್ಷಿಸಿದವರಿಗೆ ಬಣ್ಣ ಬರದಿರುವುದು ಸಹಜ: ಬಾರ್ಬಲಾಯಿನ್ ಇರುವುದು ಸಿಪ್ಪೆಯ ಕೆಳಗಿನ ಹಳದಿ ರಸದಲ್ಲಿ.